ನಮ್ಮವರು ಬರೆದ ರಿಪೋರ್ಟನ್ನು ನಾವೇ ಪ್ರಶ್ನಿಸಬೇಕು

ನಮ್ಮ ಫೊರೆನ್ಸಿಕ್ ಮೆಡಿಸಿನ್ (ನ್ಯಾಯ ವೈದ್ಯಶಾಸ್ತ್ರ) ವಿಭಾಗದಲ್ಲಿ ಎಂಡಿ ಮುಗಿಸಿ ಈಗ ಬೇರೆ ಜಿಲ್ಲೆಯ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡುತ್ತಿರುವ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. ಮೊದಲು ಮನೆ ವಿಷಯ, ಮಳೆ ವಿಷಯ ಎಲ್ಲ ಆಯಿತು. ಆಮೇಲೆ ಮೆಲ್ಲಗೆ ಕೇಳಿದ. "ಮೇಡಂ, ಒಂದು ಕೇಸಲ್ಲಿ ನನ್ನ ಅಭಿಪ್ರಾಯ ಕೇಳಿದ್ದಾರೆ. ಮೊದಲು ಪಿಎಂ (ಪೋಸ್ಟ್‌ಮಾರ್ಟಂ) ಮಾಡಿದವರು ನಮ್ಮ ಫೀಲ್ಡಿನ ಸೀನಿಯರ್. ಅವರು ಬರೆದದ್ದು ಸರಿ ಅಂತ ನನಗೆ ಅನ್ನಿಸ್ತಿಲ್ಲ. ಹಾಗಂತ ಬರೆದರೆ ನಾಳೆ ಕಾನ್ಫರೆನ್ಸಲ್ಲಿ ಅವರ ಮುಖ ಹೇಗೆ ನೋಡಲಿ?"

ಫೋನಿನಲ್ಲಿ ಹೇಳಬೇಕಾದ್ದನ್ನು ಹೇಳಿದೆ. ಫೋಟೋಗಳನ್ನು ತರಿಸಿಕೊಂಡು ನೋಡು, ಮೊದಲ ರಿಪೋರ್ಟನ್ನು ಪೂರ್ತಿ ಓದು, ಎಲ್ಲಿ ಒಪ್ಪುತ್ತೀಯ ಎಲ್ಲಿ ಒಪ್ಪುವುದಿಲ್ಲ ಎಂದು ಕಾರಣ ಕೊಟ್ಟು ಬರೆ ಅಂದೆ. ಆದರೆ ಅವನ ಪ್ರಶ್ನೆ ಅಷ್ಟು ಚಿಕ್ಕದಲ್ಲ. ನಮ್ಮ ವೃತ್ತಿಯಲ್ಲಿ ಸ್ನೇಹ ಇರಬೇಕಾದ್ದು ಯಾತಕ್ಕೆ ಎಂಬುದೇ ಅದರೊಳಗೆ ಇದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕ ಬಳಗ. ಫೊರೆನ್ಸಿಕ್ ಮೆಡಿಸಿನ್ ಇಷ್ಟಪಟ್ಟು ಆರಿಸಿಕೊಳ್ಳುವವರೇ ಕಡಿಮೆ. ರಾಜ್ಯದ ಯಾವ ಊರಿನ ಕಾಲೇಜಿಗೆ ಹೋದರೂ ಗುರುತಿನವರು ಒಬ್ಬರಾದರೂ ಸಿಗುತ್ತಾರೆ. ಒಬ್ಬರಿಗೆ ಗೈಡ್ ಆಗಿದ್ದವರು ಇನ್ನೊಬ್ಬರಿಗೆ ಪರೀಕ್ಷಕರು. 1972ರಲ್ಲಿ ಗೋವಾದಲ್ಲಿ ಹುಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಫೊರೆನ್ಸಿಕ್ ಮೆಡಿಸಿನ್ ಇದೆ. ನಮ್ಮ ರಾಜ್ಯದ್ದೇ ಆದ ಕರ್ನಾಟಕ ಮೆಡಿಕೋ-ಲೀಗಲ್ ಸೊಸೈಟಿ ಇದೆ. ಈ ಸಮ್ಮೇಳನಗಳಿಗೆ ಹೋಗುವುದೆಂದರೆ ನನಗೆ ತುಂಬಾ ಇಷ್ಟ. ಹಗಲು ಶವಾಗಾರದಲ್ಲಿ ಕಂಡದ್ದನ್ನು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು ಹೇಳಲು ಆಗುವುದಿಲ್ಲ. ಹಸುಗೂಸಿನ ಪಿಎಂ ಮಾಡಿ ಬಂದ ದಿನ ಯಾಕೆ ಸುಮ್ಮನಿದ್ದೀಯ ಎಂದು ಕೇಳಿದರೆ ಏನು ಹೇಳುವುದು? ಆ ಟೇಬಲ್ಲಿನ ಪಕ್ಕ ನಿಂತವರಿಗೆ ಮಾತ್ರ ಅದು ಹೇಳದೆಯೇ ಗೊತ್ತಾಗುತ್ತದೆ. ಈ ಬಳಗ ಇಲ್ಲದಿದ್ದರೆ ನಾನು ಇಷ್ಟು ವರ್ಷ ಈ ಕೆಲಸದಲ್ಲಿ ಉಳಿಯುತ್ತಿರಲಿಲ್ಲ.

ಅದೇ ಪ್ರೀತಿ ನಮ್ಮ ಬಾಯಿ ಕಟ್ಟಿಸಿದರೆ ಏನಾಗುತ್ತದೆ? ಕೆನಡಾದಲ್ಲಿ ಆದದ್ದನ್ನು ನಾನು ಪ್ರತಿ ಬ್ಯಾಚಿನ ಪಿಜಿ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಸ್ಮಿತ್ ಎಂಬ ಪೆಥಾಲಜಿಸ್ಟ್ ಇದ್ದರು. ಒಂಟಾರಿಯೊ ಪ್ರಾಂತ್ಯದಲ್ಲಿ ಯಾವುದಾದರೂ ಮಗು ಅನುಮಾನ ಬರುವಂತೆ ಸತ್ತರೆ ವರ್ಷಗಟ್ಟಲೆ ಅವರದೇ ಕೊನೆಯ ಮಾತು. ಅವರಿಗೆ ಫೊರೆನ್ಸಿಕ್ ಪೆಥಾಲಜಿಯಲ್ಲಿ ಸರಿಯಾದ ತರಬೇತಿಯೇ ಆಗಿರಲಿಲ್ಲ. ಅವರು ಕಲಿತದ್ದು ಕಾಯಿಲೆಯಿಂದ ಸತ್ತ ಮಕ್ಕಳ ಪೆಥಾಲಜಿ. 1991ರಲ್ಲೇ ಒಂದು ಎಚ್ಚರಿಕೆ ಬಂತು. ಮಗುವನ್ನು ನೋಡಿಕೊಳ್ಳಲು ಬಂದಿದ್ದ 12 ವರ್ಷದ ಹುಡುಗಿಯ ಮೇಲೆ ಕೊಲೆಯ ಆರೋಪ. ಮಗು ಮೆಟ್ಟಿಲ ಮೇಲಿಂದ ಬಿತ್ತು ಎಂದು ಹುಡುಗಿ ಹೇಳಿದಳು. ಅಲ್ಲ, ಜೋರಾಗಿ ಅಲ್ಲಾಡಿಸಿ ಕೊಂದಿದ್ದಾಳೆ ಎಂದು ಸ್ಮಿತ್ ಹೇಳಿದರು. ಬೇರೆ ತಜ್ಞರು ಬಂದು ಸ್ಮಿತ್ ಹೇಳಿದ್ದು ಸರಿಯಿಲ್ಲ ಎಂದು ಸಾಕ್ಷಿ ನುಡಿದರು. ನ್ಯಾಯಾಧೀಶ ಪ್ಯಾಟ್ರಿಕ್ ಡನ್ ಹುಡುಗಿಯನ್ನು ಬಿಡುಗಡೆ ಮಾಡಿದರು. ಸ್ಮಿತ್ ಕೆಲಸ ಮಾಡಿದ ರೀತಿಯನ್ನು ತೀರ್ಪಿನಲ್ಲಿ ವಿವರವಾಗಿ ಟೀಕಿಸಿದರು.

ಅಲ್ಲಿಗೆ ಯಾರಾದರೂ ಕೂತು ಆ ತೀರ್ಪನ್ನು ಓದಿ, ಇವರ ಉಳಿದ ಕೇಸುಗಳನ್ನೂ ತೆಗೆದು ನೋಡಬೇಕಿತ್ತು. ಯಾರೂ ನೋಡಲಿಲ್ಲ. ಮೇಲಿನವರು ಅವರ ಪರ ನಿಂತರು. ಸ್ಮಿತ್ ಇನ್ನೂ ಹತ್ತು ವರ್ಷ ಅದೇ ಕೆಲಸ ಮಾಡಿದರು. ಕೊನೆಗೆ ಹೊರಗಿನ ತಜ್ಞರಿಂದ 45 ಕೇಸುಗಳನ್ನು ಮರುಪರಿಶೀಲನೆ ಮಾಡಿಸಿದಾಗ 20ರಲ್ಲಿ ಅವರ ಅಭಿಪ್ರಾಯ ಪ್ರಶ್ನಾರ್ಹ ಎಂದು ಬಂತು. ವಿಲಿಯಂ ಮಲಿನ್ಸ್-ಜಾನ್ಸನ್ ಎಂಬಾತ ತನ್ನ ಸಹೋದರನ ಪುಟ್ಟ ಮಗಳನ್ನು ಕೊಂದ ಆರೋಪದಲ್ಲಿ 12 ವರ್ಷ ಜೈಲಿನಲ್ಲಿದ್ದ. ಆ ಮಗುವನ್ನು ಯಾರೂ ಕೊಂದಿರಲೇ ಇಲ್ಲ, ಹಾಗೆ ಹೇಳಲು ಆಧಾರವೇ ಇರಲಿಲ್ಲ. ಅವನ ಕೇಸಿನ ಟಿಶ್ಯೂ ಸ್ಲೈಡುಗಳು ಎಲ್ಲಿ ಹೋದವೋ ಗೊತ್ತಿಲ್ಲ ಎನ್ನುತ್ತಿದ್ದರು. ವರ್ಷಗಳ ನಂತರ ಅವು ಸ್ಮಿತ್ ಅವರ ಕಚೇರಿಯಲ್ಲೇ ಸಿಕ್ಕವು. 2007ರಲ್ಲಿ ಅವನು ನಿರ್ದೋಷಿ ಎಂದು ಕೋರ್ಟ್ ಹೇಳಿತು.

ನ್ಯಾಯಮೂರ್ತಿ ಸ್ಟೀಫನ್ ಗೌಜ್ ಅವರ ವಿಚಾರಣಾ ಆಯೋಗ 2008ರಲ್ಲಿ ವರದಿ ಕೊಟ್ಟಿತು. 169 ಶಿಫಾರಸುಗಳಿದ್ದವು. ಕೋರ್ಟಿನಲ್ಲಿ ಸರ್ಕಾರಿ ವಕೀಲರ ಪರವಾಗಿ ನಿಲ್ಲುವುದೇ ತನ್ನ ಕೆಲಸ ಎಂದು ಮೊದಮೊದಲು ತಾನು ತಿಳಿದುಕೊಂಡಿದ್ದಾಗಿ ಸ್ಮಿತ್ ಆಯೋಗದ ಮುಂದೆ ಹೇಳಿದರು. ಆ ಮಾತು ನನ್ನನ್ನು ಬಹಳ ಕಾಡಿದೆ. ಒಬ್ಬ ಡಾಕ್ಟರಿಗೆ ಇಷ್ಟು ಮೂಲಭೂತ ವಿಷಯವನ್ನು ಯಾರೂ ಕೂರಿಸಿ ಹೇಳಿರಲಿಲ್ಲ. ಹೇಳಬೇಕಾದವರು ಅವರ ಜೊತೆ ದಿನಾ ಕೆಲಸ ಮಾಡುತ್ತಿದ್ದವರು. ಆಯೋಗ ಮೇಲ್ವಿಚಾರಕರನ್ನೂ ಬಿಡಲಿಲ್ಲ. ನೋಡಿಕೊಳ್ಳಬೇಕಾದವರು ನೋಡಲಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಕೇಸು ಇನ್ನೂ ಹೆಚ್ಚು ಜನಕ್ಕೆ ಗೊತ್ತು. ಆಕೆ ವಕೀಲೆ. ಎರಡು ಗಂಡು ಮಕ್ಕಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಎಳೆಯ ಕೂಸುಗಳಾಗಿರುವಾಗಲೇ ತೀರಿಕೊಂಡವು. ಒಂದು ಮನೆಯಲ್ಲಿ ಇಂಥ ಎರಡು ಸಾವು ಸಹಜವಾಗಿ ಆಗುವ ಸಾಧ್ಯತೆ 7 ಕೋಟಿ 30 ಲಕ್ಷಕ್ಕೆ ಒಂದು ಎಂದು ಮಕ್ಕಳ ತಜ್ಞ ರಾಯ್ ಮೆಡೋ ಕೋರ್ಟಿನಲ್ಲಿ ಹೇಳಿದರು. ಇಂಥ ಒಂದು ಸಾವಿನ ಸಾಧ್ಯತೆ 8,543ಕ್ಕೆ ಒಂದು ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದರು. ಒಂದೇ ಮನೆ, ಒಂದೇ ತಂದೆ ತಾಯಿ. ಎರಡು ಸಾವುಗಳಿಗೆ ಸಂಬಂಧವೇ ಇಲ್ಲ ಎಂದು ಗುಣಿಸಲು ಹೇಗೆ ಬರುತ್ತದೆ? ಇದು ತಪ್ಪು ಎಂದು ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಹೇಳಿತು. ಅಷ್ಟರಲ್ಲಿ ಆ ತಾಯಿ ಜೈಲಿನಲ್ಲಿದ್ದಳು.

ಎಲ್ಲರೂ ಈ ಲೆಕ್ಕದ ವಿಷಯವನ್ನೇ ಹೇಳುತ್ತಾರೆ. ನಮ್ಮವರು ತಿಳಿಯಬೇಕಾದ್ದು ಇನ್ನೊಂದಿದೆ. ಪಿಎಂ ಮಾಡಿದ ಪೆಥಾಲಜಿಸ್ಟ್ ಎರಡನೇ ಮಗುವಿನ ಸ್ಯಾಂಪಲ್‌ಗಳನ್ನು ಮೈಕ್ರೋಬಯಾಲಜಿಗೆ ಕಳಿಸಿದ್ದರು. ಸ್ಟ್ಯಾಫೈಲೋಕಾಕಸ್ ಬ್ಯಾಕ್ಟೀರಿಯಾ ಮೈಯ ಹಲವು ಕಡೆ, ಬೆನ್ನುಹುರಿಯ ದ್ರವದಲ್ಲೂ ಸಿಕ್ಕಿತ್ತು. ಆ ರಿಪೋರ್ಟನ್ನು ಅವರು ಕೋರ್ಟಿಗೂ ಕೊಡಲಿಲ್ಲ, ಎದುರು ಪಕ್ಷದ ತಜ್ಞರಿಗೂ ಹೇಳಲಿಲ್ಲ. ಮೊದಲ ಮಗು ಸತ್ತಾಗ ಶ್ವಾಸಕೋಶದ ಸೋಂಕು ಎಂದು ಬರೆದಿದ್ದವರು, ಎರಡನೆಯದು ಸತ್ತ ಮೇಲೆ ಹಳೆಯ ಅಭಿಪ್ರಾಯವನ್ನೂ ಬದಲಾಯಿಸಿದ್ದರು. ಆಸ್ಪತ್ರೆಯ ದಾಖಲೆಗಳಲ್ಲಿ ಹುಡುಕಾಡಿ ಆ ಮೈಕ್ರೋಬಯಾಲಜಿ ರಿಪೋರ್ಟನ್ನು ಹೊರತೆಗೆದದ್ದು ಸ್ಯಾಲಿಯ ಗಂಡ. 2003ರ ಜನವರಿಯಲ್ಲಿ ಆಕೆ ಬಿಡುಗಡೆಯಾದಳು. 2007ರಲ್ಲಿ ತೀರಿಕೊಂಡಳು. ಮೂರು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿದ್ದು ಬಂದ ಮೇಲೆ ಆಕೆ ಮತ್ತೆ ಮೊದಲಿನಂತೆ ಆಗಲೇ ಇಲ್ಲ ಎಂದು ಮನೆಯವರು ಹೇಳಿದರು.

ನಮ್ಮ ಫೈಲಿನಲ್ಲಿ ಇರುವ ಒಂದು ಹಾಳೆ, ನಮ್ಮ ಅಭಿಪ್ರಾಯಕ್ಕೆ ಹೊಂದುವುದಿಲ್ಲ ಎಂದು ಬದಿಗಿಟ್ಟ ಹಾಳೆ, ಒಬ್ಬರ ಬದುಕನ್ನೇ ಮುಗಿಸಬಹುದು. ಪಿಜಿಗಳಿಗೆ ಇದಕ್ಕಿಂತ ದೊಡ್ಡ ನೀತಿಪಾಠ ನನಗೆ ಗೊತ್ತಿಲ್ಲ. ಕಂಡದ್ದನ್ನೆಲ್ಲ ಬರೆಯಿರಿ. ಹೊಂದದೆ ಇರುವುದನ್ನು ಮೊದಲು ಬರೆಯಿರಿ.

ಆದರೆ ತಪ್ಪು ಮಾಡುವವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಡಾಕ್ಟರನ್ನೂ ದಾರಿ ತಪ್ಪಿಸುವ ಒಂದು ಸಂಗತಿ ನಮ್ಮ ಕೆಲಸದಲ್ಲೇ ಇದೆ. ಕೇಸಿನ ಕಥೆ ನಮಗೆ ಮೊದಲೇ ಗೊತ್ತಿರುತ್ತದೆ.

ಇಟಿಯಲ್ ಡ್ರೋರ್ ಎಂಬ ಮನಃಶಾಸ್ತ್ರಜ್ಞ ಇದ್ದಾರೆ. 2006ರಲ್ಲಿ ಅವರು ಐವರು ಅನುಭವಿ ಬೆರಳಚ್ಚು ತಜ್ಞರಿಗೆ ಅವರೇ ಹಿಂದೆ ಹೊಂದುತ್ತದೆ ಎಂದಿದ್ದ ಬೆರಳಚ್ಚುಗಳನ್ನು ಮತ್ತೆ ಕೊಟ್ಟರು. ಈ ಸಲ ಬೇರೊಂದು ಕಥೆ ಹೇಳಿ ಕೊಟ್ಟರು. ಐವರಲ್ಲಿ ನಾಲ್ವರು ತಮ್ಮದೇ ಹಳೆಯ ತೀರ್ಮಾನವನ್ನು ಬದಲಾಯಿಸಿದರು. 2021ರಲ್ಲಿ ಅವರು ಮತ್ತು ಜೊತೆಗಾರರು ನಮ್ಮ ಕ್ಷೇತ್ರಕ್ಕೇ ಕೈ ಹಾಕಿದರು. ಅಮೆರಿಕದ 133 ಫೊರೆನ್ಸಿಕ್ ಪೆಥಾಲಜಿಸ್ಟ್‌ಗಳಿಗೆ ಒಂದು ಮಗುವಿನ ಸಾವಿನ ವಿವರ ಕೊಟ್ಟರು. ವೈದ್ಯಕೀಯ ವಿವರ ಎಲ್ಲರಿಗೂ ಒಂದೇ. ಕೆಲವರಿಗೆ ಮಗು ಬಿಳಿಯರದ್ದು, ಅಜ್ಜಿಯ ಜೊತೆ ಇತ್ತು ಎಂದರು. ಇನ್ನು ಕೆಲವರಿಗೆ ಮಗು ಕಪ್ಪು ಜನಾಂಗದ್ದು, ತಾಯಿಯ ಗೆಳೆಯನ ಜೊತೆ ಇತ್ತು ಎಂದರು. ಎರಡನೆಯ ಗುಂಪಿನಲ್ಲಿ ಕೊಲೆ ಎಂದವರು ಜಾಸ್ತಿ, ಮೊದಲನೆಯದರಲ್ಲಿ ಅಪಘಾತ ಎಂದವರು ಜಾಸ್ತಿ.

ಈ ಅಧ್ಯಯನದಲ್ಲಿ ದೋಷ ಇಲ್ಲ ಎಂದಲ್ಲ. ಮಗುವಿನ ಜನಾಂಗ, ನೋಡಿಕೊಳ್ಳುತ್ತಿದ್ದವರು, ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದಾರೆ. ಯಾವುದರಿಂದ ಏನಾಯಿತು ಎಂದು ಬಿಡಿಸಲು ಆಗುವುದಿಲ್ಲ. ಅದನ್ನು ಹೇಳಿ ವಾದ ಮಾಡಬಹುದಿತ್ತು, ಮಾಡಿದವರೂ ಇದ್ದಾರೆ. ಆದರೆ ಅಲ್ಲಿನ ವೃತ್ತಿಸಂಘದ ಕಡೆಯಿಂದ ಡ್ರೋರ್ ಅವರ ವಿಶ್ವವಿದ್ಯಾಲಯಕ್ಕೇ ದೂರು ಹೋಯಿತು. ಇದು ನನಗೆ ಬೇಸರ ತಂದ ಸಂಗತಿ. ನಮ್ಮನ್ನು ಪ್ರಶ್ನಿಸಿದವರ ಮೇಲೆ ದೂರು ಕೊಡುವುದು ಸಂಘದ ಕೆಲಸ ಅಲ್ಲ. ಸಂಘ ಇರುವುದು ಆ ಪ್ರಶ್ನೆಯನ್ನು ಎಲ್ಲರೂ ಸೇರಿ ಎದುರಿಸಲು.

ನಮ್ಮಲ್ಲಿ ಈ ಸಮಸ್ಯೆ ಇನ್ನೂ ಗಟ್ಟಿ. ಶವದ ಜೊತೆಗೇ ಪೊಲೀಸರ ಕೋರಿಕೆ ಪತ್ರ, ಶವ ಪಂಚನಾಮೆ ಬರುತ್ತವೆ. "ಗಂಡನ ಮನೆಯವರ ಕಿರುಕುಳದಿಂದ ಬೇಸತ್ತು ನೇಣು ಹಾಕಿಕೊಂಡು" ಎಂದೋ, "ವಿಷ ಸೇವಿಸಿ" ಎಂದೋ ಬರೆದೇ ಇರುತ್ತದೆ. ಬಾಗಿಲ ಹೊರಗೆ ಸಂಬಂಧಿಕರು ಕೂಗಾಡುತ್ತಿರುತ್ತಾರೆ. ಹೆಡ್ ಕಾನ್ಸ್‌ಟೇಬಲ್ ಬಂದು, "ಮೇಡಂ, ಇದು ಕ್ಲಿಯರ್ ಕೇಸು, ಬೇಗ ಮುಗಿಸಿ ಬಾಡಿ ಕೊಟ್ಟರೆ ಊರಿಗೆ ಹೋಗ್ತಾರೆ" ಅನ್ನುತ್ತಾರೆ. ಪಾಪ, ಅವರಿಗೂ ಒತ್ತಡ.

ಹಾಗಂತ ಕಥೆ ಕೇಳದೇ ಪಿಎಂ ಮಾಡಿ ಎನ್ನುವುದೂ ತಪ್ಪು. ಕರೆಂಟ್ ಹೊಡೆದ ಗುರುತು ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಇರಬಹುದು. ಗೊತ್ತಿದ್ದರೆ ಹುಡುಕುತ್ತೇವೆ, ಇಲ್ಲದಿದ್ದರೆ ಕಣ್ಣು ತಪ್ಪುತ್ತದೆ. ಹಾವು ಕಚ್ಚಿದ್ದೂ ಹಾಗೇ. ಕುತ್ತಿಗೆ ಅಮುಕಿದ ಅನುಮಾನ ಇದ್ದರೆ ನಾವು ಮೊದಲು ತಲೆ ಬಿಡಿಸಿ, ಎದೆ ಬಿಡಿಸಿ, ರಕ್ತ ಇಳಿಯಲು ಬಿಟ್ಟು, ಕುತ್ತಿಗೆಯನ್ನು ಕೊನೆಗೆ ಪದರ ಪದರವಾಗಿ ಬಿಡಿಸಬೇಕು. ಮೊದಲೇ ಕುತ್ತಿಗೆಗೆ ಕೈ ಹಾಕಿದರೆ ಸೋರಿದ ರಕ್ತವೇ ಗಾಯದ ಹಾಗೆ ಕಾಣಬಹುದು. ಆಗ ನೇಣು ಹಾಕಿಕೊಂಡ ಸಾವು ಕತ್ತು ಹಿಸುಕಿದ ಕೊಲೆಯಾಗಿ ಬಿಡುತ್ತದೆ. ಇದೆಲ್ಲ ಮಾಡಲು ಕಥೆ ಬೇಕು.

ಹಾಗಾದರೆ ಏನು ಮಾಡುವುದು? ಕಥೆ ಗೊತ್ತಿದ್ದವರು ಒಬ್ಬರು, ಗೊತ್ತಿಲ್ಲದವರು ಇನ್ನೊಬ್ಬರು, ಇಬ್ಬರೂ ನೋಡಬೇಕು. ಇದಕ್ಕೆ ಜೊತೆಗಾರರು ಬೇಕೇ ಬೇಕು. ಒಬ್ಬರೇ ಎಷ್ಟು ಪ್ರಾಮಾಣಿಕರಾಗಿದ್ದರೂ ತಮ್ಮ ತಲೆಯೊಳಗೆ ಕೂತ ಕಥೆಯನ್ನು ತಾವೇ ಹೊರಗೆ ಹಾಕಲು ಆಗುವುದಿಲ್ಲ.

ಈಗ ತಾಲ್ಲೂಕು ಆಸ್ಪತ್ರೆಗೆ ಬನ್ನಿ. ನಮ್ಮ ರಾಜ್ಯದಲ್ಲಿ ಎಷ್ಟೋ ಪಿಎಂಗಳನ್ನು ಮಾಡುವವರು ಫೊರೆನ್ಸಿಕ್ ತಜ್ಞರಲ್ಲ. ಬೆಳಿಗ್ಗೆ ಓಪಿಡಿ ನೋಡಿ, ಮಧ್ಯೆ ಹೆರಿಗೆ ಮಾಡಿಸಿ, ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಸಣ್ಣ ಕೋಣೆಗೆ ಹೋಗಿ ಪಿಎಂ ಮಾಡುವ ಎಂಬಿಬಿಎಸ್ ಡಾಕ್ಟರು. ಎಷ್ಟೋ ಕಡೆ ಫ್ಯಾನ್ ಇಲ್ಲ, ಸರಿಯಾದ ಬೆಳಕಿಲ್ಲ. ಅವರಿಗೆ ಫೋಟೋ ತೆಗೆಯಲು ಸ್ಕೇಲ್ ಕೊಟ್ಟವರಿಲ್ಲ. ಕೆಲವು ವರ್ಷ ಕಳೆದ ಮೇಲೆ ಸಮನ್ಸ್ ಬರುತ್ತದೆ. ಅಷ್ಟರಲ್ಲಿ ಅವರು ಪಿಜಿ ಸೇರಿಯೋ ವರ್ಗಾವಣೆಯಾಗಿಯೋ ಬೇರೆ ಊರಲ್ಲಿರುತ್ತಾರೆ. ಪಾಟಿ ಸವಾಲಿನಲ್ಲಿ ವಕೀಲರು ಕೇಳುವ ಮೊದಲ ಪ್ರಶ್ನೆ: "ಡಾಕ್ಟರೇ, ನೀವು ಫೊರೆನ್ಸಿಕ್ ಎಕ್ಸ್‌ಪರ್ಟ್ ಅಲ್ಲ ಅಲ್ವಾ?"

ಈ ಡಾಕ್ಟರುಗಳು ಫೋನ್ ಮಾಡಿದಾಗ ಎತ್ತುವುದು ನಮ್ಮ ವೃತ್ತಿಧರ್ಮದ ಮೊದಲ ಮೆಟ್ಟಿಲು ಎಂದು ನಾನು ನಂಬಿದ್ದೇನೆ. ಅವರು ಕೇಳುವುದು ತೀರಾ ವ್ಯಾವಹಾರಿಕ ಪ್ರಶ್ನೆಗಳು. ಸತ್ತು ಎಷ್ಟು ಹೊತ್ತಾಗಿದೆ ಎಂದು ಬರೆಯಲಿ? ಸತ್ತ ಮೇಲೆ ಮೈ ಸೆಟೆಯುವುದಕ್ಕೆ 12 ಗಂಟೆ, ಹಾಗೇ ಇರುವುದಕ್ಕೆ 12 ಗಂಟೆ, ಸಡಿಲವಾಗುವುದಕ್ಕೆ 12 ಗಂಟೆ ಎಂದು ಎಲ್ಲರೂ ಓದಿರುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ ಆ ಲೆಕ್ಕ ಹಿಡಿದರೆ ತಪ್ಪಾಗುತ್ತದೆ. ಮಡಿಕೇರಿಯ ಜುಲೈ ಮಳೆಯಲ್ಲೂ ತಪ್ಪಾಗುತ್ತದೆ, ಇನ್ನೊಂದು ದಿಕ್ಕಿಗೆ. ಹಾಗಾಗಿ ಒಂದು ಗಂಟೆ ಹೇಳಬೇಡಿ, ಇಷ್ಟರಿಂದ ಇಷ್ಟರ ನಡುವೆ ಎಂದು ಅಗಲವಾಗಿ ಬರೆಯಿರಿ, ಕೋಣೆಯ ಬಿಸಿ ಎಷ್ಟಿತ್ತು ಎಂದು ಬರೆಯಿರಿ ಅನ್ನುತ್ತೇನೆ. ಹುಡುಗಿಯ ವಯಸ್ಸು ಕೇಳಿ ಎಕ್ಸ್-ರೇ ಬಂದರೂ ಅಷ್ಟೇ. ಎಲುಬು ನೋಡಿ ಹೇಳುವ ವಯಸ್ಸಿನಲ್ಲಿ ಆ ಕಡೆ ಈ ಕಡೆ ಎರಡು ವರ್ಷ ವ್ಯತ್ಯಾಸ ಇರಬಹುದು ಎಂದು ಸುಪ್ರೀಂ ಕೋರ್ಟೇ 1982ರ ಜಯಮಾಲಾ ಪ್ರಕರಣದಲ್ಲಿ ಹೇಳಿದೆ. ಪೋಕ್ಸೋ ಕೇಸಿನಲ್ಲಿ 18ರ ಗೆರೆಯ ಹತ್ತಿರ ಇರುವ ವಯಸ್ಸನ್ನು ನಿಖರ ಎಂಬಂತೆ ಬರೆದುಕೊಟ್ಟರೆ ಯಾರಿಗೋ ಅನ್ಯಾಯ ಆಗಿಯೇ ಆಗುತ್ತದೆ. ಗೊತ್ತಿರುವಷ್ಟನ್ನೇ ಹೇಳುವ ಧೈರ್ಯ ಬರಬೇಕಾದರೆ, ನೀವು ಬರೆದದ್ದು ಸರಿ ಇದೆ ಎನ್ನುವ ಒಬ್ಬ ಹಿರಿಯರು ಬೇಕು.

ಪ್ರಯೋಗಾಲಯದವರ ಜೊತೆಗಂತೂ ನಮ್ಮ ಸಂಬಂಧ ಬರೀ ಕಾಗದದ್ದು. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್ ಇದೆ. ಮೈಸೂರು, ಕಲಬುರಗಿ, ದಾವಣಗೆರೆ, ಮಂಗಳೂರು, ಬೆಳಗಾವಿಯಲ್ಲಿ ಪ್ರಾದೇಶಿಕ ಲ್ಯಾಬುಗಳಿವೆ. ನಾವು ವಿಸೆರಾ (ಶವದಿಂದ ತೆಗೆದ ಒಳಅಂಗಗಳ ಭಾಗ) ಕಳಿಸುತ್ತೇವೆ, ಅವರು ರಿಪೋರ್ಟ್ ಕಳಿಸುತ್ತಾರೆ. ಮಧ್ಯೆ ಒಂದು ಮಾತಿಲ್ಲ. ವಿಷದ ಪರೀಕ್ಷೆಗೆ ಕಳಿಸುವ ವಿಸೆರಾವನ್ನು ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಾಕಬೇಕು. ಅದನ್ನು ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಡುತ್ತದೆ. ಅಂಥ ಜಾರ್ ತೆರೆದ ವಿಜ್ಞಾನಿ ಒಂದು ಫೋನ್ ಮಾಡಿ ಹೇಳಿದರೆ ಮುಂದಿನ ಸಲ ಆ ತಪ್ಪು ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಘಟನಾ ಸ್ಥಳಕ್ಕೆ ಹೋಗಬೇಕು ಎಂದಿದೆ. ರಾಜ್ಯಗಳು ಇದನ್ನು ಹಂತ ಹಂತವಾಗಿ ಮಾಡಲು ಐದು ವರ್ಷದ ಅವಕಾಶ ಇದೆ. ಸ್ಥಳ ನೋಡಿದವರು, ಶವ ನೋಡಿದವರು, ರಾಸಾಯನಿಕ ಪರೀಕ್ಷೆ ಮಾಡಿದವರು ಒಂದೇ ಮೇಜಿಗೆ ಕೂತು ಮಾತಾಡದಿದ್ದರೆ ಈ ಕಾನೂನಿನಿಂದ ಆಗುವ ಲಾಭ ಕಡಿಮೆ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ಡಾಕ್ಟರ ನಿರ್ಲಕ್ಷ್ಯದಿಂದ ಸಾವು ಎಂಬ ದೂರು.

ಹೆರಿಗೆಗೆ ಬಂದ ಹೆಂಗಸು ತೀರಿಕೊಂಡಿದ್ದಾಳೆ. ಮನೆಯವರು ಇಂಜೆಕ್ಷನ್ ತಪ್ಪು ಕೊಟ್ಟರು ಎನ್ನುತ್ತಿದ್ದಾರೆ. ಚಿಕಿತ್ಸೆ ಕೊಟ್ಟವರು ನಮ್ಮ ಕಾಲೇಜಿನವರೇ ಇರಬಹುದು, ನನ್ನ ಬ್ಯಾಚ್‌ಮೇಟೇ ಇರಬಹುದು. ಆಗ ಬರುವ ಮಾತು ಒಂದೇ: "ನಮ್ಮವರೇ ಅಲ್ವಾ, ಸ್ವಲ್ಪ ನೋಡ್ಕೊಳ್ಳಿ." ಈ ಮಾತನ್ನು ನಾನು ಹಲವು ಬಾಯಿಗಳಲ್ಲಿ ಕೇಳಿದ್ದೇನೆ. ಹೇಳಿದವರು ಕೆಟ್ಟವರಲ್ಲ. ಹೆದರಿದವರು. ಆಸ್ಪತ್ರೆಯ ಗಾಜು ಒಡೆಯುವುದನ್ನು ನೋಡಿದವರು.

2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವೈದ್ಯರಿಗೆ ಒಂದು ರಕ್ಷಣೆ ಕೊಟ್ಟಿದೆ. ಕ್ರಿಮಿನಲ್ ಕೇಸು ಮುಂದುವರಿಸುವ ಮೊದಲು ತನಿಖಾಧಿಕಾರಿ ಅದೇ ಕ್ಷೇತ್ರದ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಹೇಳಿದೆ. ಯಾವ ಪಕ್ಷಕ್ಕೂ ವಾಲದ ಅಭಿಪ್ರಾಯ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವ ವೈದ್ಯರದ್ದು. ಆ ರಕ್ಷಣೆ ನಿಂತಿರುವುದು ನಾವು ಪ್ರಾಮಾಣಿಕವಾಗಿ ಹೇಳುತ್ತೇವೆ ಎಂಬ ನಂಬಿಕೆಯ ಮೇಲೆ. ನಾವು ನಮ್ಮವರನ್ನು ಸುಮ್ನೆ ಉಳಿಸುತ್ತೇವೆ ಎಂದು ಜನಕ್ಕೆ ಅನ್ನಿಸಿದ ದಿನ ಅದು ಬಿದ್ದುಹೋಗುತ್ತದೆ.

ಇನ್ನೊಂದು ಕಡೆಯಿಂದ ನೋಡಿ. ಆ ತಾಯಿಯ ಶ್ವಾಸಕೋಶದ ರಕ್ತನಾಳದಲ್ಲಿ ದೊಡ್ಡ ರಕ್ತದ ಹೆಪ್ಪು ಸಿಕ್ಕಿತು ಎಂದುಕೊಳ್ಳಿ. ಕಾಲಿನ ರಕ್ತನಾಳದಿಂದ ಹೊರಟು ಬಂದದ್ದು. ಇಂಜೆಕ್ಷನ್ ಕೊಟ್ಟ ಡಾಕ್ಟರದ್ದು ತಪ್ಪೇ ಇಲ್ಲದಿರಬಹುದು. ಅದನ್ನು ತೋರಿಸಬೇಕಾದರೆ ಪೂರ್ತಿ ಪಿಎಂ ಆಗಬೇಕು, ಫೋಟೋ ಇರಬೇಕು, ಟಿಶ್ಯೂ ಹಿಸ್ಟೋಪೆಥಾಲಜಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಹೋಗಬೇಕು. ಹಿಂದೆ ನಾವು ಯಾರದೋ ತಪ್ಪನ್ನು ಮುಚ್ಚಿಟ್ಟಿದ್ದರೆ ಈ ಸಲ ಸತ್ಯ ಹೇಳಿದರೂ ಯಾರು ನಂಬುತ್ತಾರೆ? ನಿರಪರಾಧಿ ಡಾಕ್ಟರೂ ಸಿಕ್ಕಿಬೀಳುತ್ತಾರೆ. ಹಾಗಾಗಿ ಇಂಥ ಕೇಸು ಬಂದರೆ ಅದೇ ಸಂಸ್ಥೆಯಲ್ಲಿ ಪಿಎಂ ಆಗದಂತೆ, ಬೇರೆ ಕಡೆಯ ತಂಡ ಮಾಡುವಂತೆ ಬರೆದು ಕೇಳುವುದು ಒಳ್ಳೆಯದು. ಆ ಡಾಕ್ಟರಿಗೆ ನಾವು ಮಾಡಬಹುದಾದ ನಿಜವಾದ ಸಹಾಯ ಅದೇ.

ನಮ್ಮ ಕ್ಷೇತ್ರ ಒಟ್ಟಾಗಿ ತಪ್ಪು ನಡೆದ ಸಂದರ್ಭಗಳೂ ಇವೆ. ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ಮೊದಲೇ ಲೈಂಗಿಕ ಸಂಪರ್ಕ ರೂಢಿಯಿತ್ತೇ ಎಂದು ತಿಳಿಯಲು ಅವರ ಮೇಲೆ ಎರಡು ಬೆರಳಿನ ಪರೀಕ್ಷೆ ಮಾಡುತ್ತಿದ್ದೆವು. ವರ್ಷಗಟ್ಟಲೆ ಅದನ್ನೇ ಕಲಿಸಿದೆವು. ಆ ಹೆಂಗಸಿಗೆ ಅದು ಇನ್ನೊಂದು ಸಲ ದೌರ್ಜನ್ಯ. ವಿಜ್ಞಾನದ ದೃಷ್ಟಿಯಿಂದ ಅದಕ್ಕೆ ಬೆಲೆಯೇ ಇಲ್ಲ. ಇದನ್ನು ಒಳಗಿನಿಂದಲೇ ಪ್ರಶ್ನಿಸಿದವರಲ್ಲಿ ಮಹಾರಾಷ್ಟ್ರದ ಸೇವಾಗ್ರಾಮದ ಡಾ. ಇಂದ್ರಜಿತ್ ಖಾಂಡೇಕರ್ ಒಬ್ಬರು. ಅವರೂ ನಮ್ಮಂತೆ ಫೊರೆನ್ಸಿಕ್ ಮೇಷ್ಟ್ರೇ. ಈ ತಪಾಸಣೆ ಎಷ್ಟು ಕೆಟ್ಟದಾಗಿ ನಡೆಯುತ್ತಿದೆ ಎಂದು ದೀರ್ಘ ವರದಿ ಬರೆದರು. ಅದು ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಹೋಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಈ ಪರೀಕ್ಷೆ ಹೆಣ್ಣಿನ ಘನತೆಗೆ ಧಕ್ಕೆ ಎಂದಿತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಬಂತು. ಆದರೂ ನಿಲ್ಲಲಿಲ್ಲ. 2022ರ ಅಕ್ಟೋಬರ್ 31ರಂದು ಕೋರ್ಟ್ ಮತ್ತೆ, ಇದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು, ಪಠ್ಯದಿಂದಲೂ ತೆಗೆಯಿರಿ ಎಂದು ಹೇಳಬೇಕಾಯಿತು. ಒಂಬತ್ತು ವರ್ಷ ನಾವು ಏನು ಮಾಡುತ್ತಿದ್ದೆವು? ಈ ಪ್ರಶ್ನೆಯನ್ನು ಸಮ್ಮೇಳನದಲ್ಲಿ ಎದ್ದು ಕೇಳಬೇಕು.

2024ರ ಆಗಸ್ಟ್ ಕೊನೆಯಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ಹೊಸ ಪಠ್ಯಕ್ರಮ ಬಂದಾಗಲೂ ಹೀಗೇ ಆಯಿತು. ಫೊರೆನ್ಸಿಕ್ ಮೆಡಿಸಿನ್ ಭಾಗದಲ್ಲಿ ಹೆಣ್ಣು ಹೆಣ್ಣಿನ ಪ್ರೇಮವನ್ನು ಮತ್ತೆ ಅಸಹಜ ಅಪರಾಧದ ಪಟ್ಟಿಗೆ ಸೇರಿಸಿದ್ದರು. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. ಆ ವಾರ ಒಬ್ಬ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದು, "ಮೇಡಂ, ನೀವು ಇದನ್ನು ಕಲಿಸ್ತೀರಾ?" ಎಂದು ಕೇಳಿದಳು. ಕಲಿಸುವುದಿಲ್ಲ ಅಂದೆ. ಅವಳಿಗೆ ಆ ಉತ್ತರ ಯಾಕೆ ಬೇಕಿತ್ತು ಎಂದು ನಾನು ಕೇಳಲಿಲ್ಲ.

ಬೆಂಗಳೂರಿನ ಹೆಸರಂತೂ ಒಂದು ಕಾಲದಲ್ಲಿ ನಾರ್ಕೋ ಅನಾಲಿಸಿಸ್‌ಗೇ ಅಂಟಿಕೊಂಡಿತ್ತು. ದೇಶದ ಬೇರೆ ಬೇರೆ ಕಡೆಯಿಂದ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಪೆಂಟೋಥಾಲ್ ಇಂಜೆಕ್ಷನ್ ಕೊಟ್ಟು ಅರೆ ಮಂಪರಿನಲ್ಲಿ ಮಾತಾಡಿಸುವುದು. ಆ ವಿಡಿಯೋಗಳು ಟಿವಿಯಲ್ಲೂ ಬಂದವು. ಸೂಜಿ ಚುಚ್ಚುವ ಕೈ ಒಬ್ಬ ಡಾಕ್ಟರದ್ದೇ ಆಗಿರಬೇಕಿತ್ತು ಎಂಬುದನ್ನು ಮರೆಯಬೇಡಿ. ರೋಗಿಯ ಒಳ್ಳೆಯದಕ್ಕೆ ಕಲಿತ ಅರಿವಳಿಕೆಯನ್ನು ತನಿಖೆಗೆ ಬಳಸಿದಾಗ ನಮ್ಮ ಸಂಘಗಳು ಜೋರಾಗಿ ಮಾತಾಡಬೇಕಿತ್ತು. ಅದನ್ನು ನಿಲ್ಲಿಸಿದ್ದು 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು. ಒಪ್ಪಿಗೆ ಇಲ್ಲದೆ ನಾರ್ಕೋ, ಬ್ರೇನ್ ಮ್ಯಾಪಿಂಗ್, ಪಾಲಿಗ್ರಾಫ್ ಯಾವುದನ್ನೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೂವರು ನ್ಯಾಯಮೂರ್ತಿಗಳ ಆ ಪೀಠದಲ್ಲಿ ಕರ್ನಾಟಕದ ಆರ್.ವಿ. ರವೀಂದ್ರನ್ ಅವರೂ ಇದ್ದರು.

ನಮ್ಮ ವಿಭಾಗದಲ್ಲಿ ಶನಿವಾರ ಮಧ್ಯಾಹ್ನ ಕೇಸ್ ಮೀಟಿಂಗ್ ಮಾಡುತ್ತೇವೆ. ಬೇರೆಯವರೂ ಮಾಡಲಿ ಎಂದು ಅದರ ಕ್ರಮ ಹೇಳುತ್ತೇನೆ. ಒಂದು ಕೇಸಿನ ಫೋಟೋಗಳು, ಎಕ್ಸ್-ರೇ, ಸ್ಲೈಡುಗಳನ್ನು ಪರದೆ ಮೇಲೆ ಹಾಕುತ್ತೇವೆ. ಹೆಸರು, ಊರು, ಠಾಣೆ, ಪಿಎಂ ಮಾಡಿದವರು ಯಾರು ಎಂಬುದನ್ನೆಲ್ಲ ಮರೆಮಾಡಿರುತ್ತೇವೆ. ಪೊಲೀಸರ ಕಥೆಯನ್ನು ಆಗಲೇ ಹೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಮಡಚಿ ಇಡಬೇಕು. ಚೀಟಿ ಬರೆಯುವ ಮೊದಲು ಯಾರೂ ಮಾತಾಡುವಂತಿಲ್ಲ, ವಿಭಾಗದ ಮುಖ್ಯಸ್ಥರೂ ಸೇರಿ. ನಮ್ಮಲ್ಲಿ ಸರ್ ಬಾಯಿ ಬಿಟ್ಟರೆ ಉಳಿದವರೆಲ್ಲ ತಲೆ ಅಲ್ಲಾಡಿಸುತ್ತಾರೆ, ಅದಕ್ಕೇ ಈ ಚೀಟಿ. ಆಮೇಲೆ ಎಲ್ಲರಿಗಿಂತ ಕಿರಿಯ ಪಿಜಿ ಮೊದಲು ಮಾತಾಡಬೇಕು. ಕೊನೆಗೆ ಕಥೆ ಓದುತ್ತೇವೆ. ಕಥೆ ಕೇಳಿದ ಮೇಲೆ ಯಾರ ಅಭಿಪ್ರಾಯ ಬದಲಾಯಿತು ಎಂದು ಕೇಳುತ್ತೇವೆ. ಬದಲಾದರೆ ಯಾವ ಕಾರಣಕ್ಕೆ ಎಂದೂ ಕೇಳುತ್ತೇವೆ. ಒಮ್ಮತ ಬರದಿದ್ದರೆ, ಭಿನ್ನ ಅಭಿಪ್ರಾಯವನ್ನು ಅದನ್ನು ಹೇಳಿದವರ ಹೆಸರಿನ ಸಮೇತ ವಿಭಾಗದ ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ. ಆ ಕೇಸಿಗೆ ಸಮನ್ಸ್ ಬಂದಾಗ ಸಾಕ್ಷಿ ಹೇಳಲು ಹೋಗುವವರು ಅದನ್ನು ಓದಿಕೊಂಡೇ ಹೋಗುತ್ತಾರೆ. ವಕೀಲರು ಕೇಳಿದರೆ ಮುಚ್ಚಿಡುವುದಿಲ್ಲ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರುಗಳೂ ಈ ಮೀಟಿಂಗಿಗೆ ಬರಲಿ ಎಂದು ನನ್ನ ಆಸೆ. ಬರಲು ಆಗದವರು ಫೋಟೋ ಕಳಿಸಬಹುದು, ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ, ಸತ್ತವರಿಗೂ ಮರ್ಯಾದೆ ಇದೆ. ವಿಭಾಗಕ್ಕೆ ಮುಚ್ಚಿದ ಲಕೋಟೆಯಲ್ಲೋ ಅಧಿಕೃತ ಇಮೇಲಿಗೋ ಕಳಿಸಿ. ಪ್ರತಿ ಗಾಯಕ್ಕೂ ಎರಡು ಫೋಟೋ ಇರಲಿ: ಮೈಯ ಯಾವ ಭಾಗ ಎಂದು ಗೊತ್ತಾಗುವಂತೆ ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ನೀವು ಏನು ಅಭಿಪ್ರಾಯ ಕೊಟ್ಟಿರಿ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿ ಇಡಿ. ಅದನ್ನು ನಾವು ಕೊನೆಗೆ ತೆರೆಯುತ್ತೇವೆ.